ಹೆಸರು ಕೇಳದ ಊರು ಅಂತ ಲಿಯೋನ್‌ಗೆ ಹೆದರಬೇಡಿ

ನೀವು ಕೇಳಿದ್ದು: ಧಾರವಾಡದಿಂದ ಸ್ಪೇನ್ ದೇಶದ ಲಿಯೋನ್ ವಿಶ್ವವಿದ್ಯಾಲಯಕ್ಕೆ ಸ್ನಾತಕೋತ್ತರ ಓದಿಗೆ ಬರುತ್ತಿದ್ದೀರಿ, ಸಸ್ಯಾಹಾರಿ, ಸ್ಪ್ಯಾನಿಷ್ ಅಷ್ಟಕ್ಕಷ್ಟೆ. ಮ್ಯಾಡ್ರಿಡ್, ಬಾರ್ಸಿಲೋನಾ ಬಿಟ್ಟು ಯಾರೂ ಕೇಳಿರದ ಊರಿಗೆ ಹೋಗಿ ತಪ್ಪು ಮಾಡ್ತಿದ್ದೀನಾ ಎಂಬ ಅಳುಕು. ತಪ್ಪಲ್ಲ. ಮೊದಲ ವರ್ಷಕ್ಕೆ ಇಂಥ ಊರೇ ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಜನಸಂಖ್ಯೆ ಸುಮಾರು 1.2 ಲಕ್ಷ. ರೈಲು ನಿಲ್ದಾಣದಿಂದ ಕ್ಯಾಥೆಡ್ರಲ್‌ವರೆಗೆ ನಡೆದರೆ ಅರ್ಧ ಗಂಟೆಯೂ ಬೇಡ. ಇಂಗ್ಲಿಷ್ ಬಲ್ಲವರು ಕಡಿಮೆ, ಹಾಗಾಗಿ ಭಾಷೆ ತಾನಾಗಿ ಬಾಯಿಗೆ ಹತ್ತುತ್ತದೆ.

ಮ್ಯಾಡ್ರಿಡ್ ವಿಮಾನ ನಿಲ್ದಾಣದ ಟಿ-4ರಿಂದ ಲೋಕಲ್ ರೈಲಿನಲ್ಲಿ ಚಮಾರ್ತಿನ್ ನಿಲ್ದಾಣ, ಅಲ್ಲಿಂದ ವೇಗದ ರೈಲಿನಲ್ಲಿ ಲಿಯೋನ್‌ಗೆ ಎರಡು, ಎರಡೂವರೆ ಗಂಟೆ. ವೇಗದ ರೈಲಿನ ಟಿಕೆಟ್ ಮೇಲೆ 'ಕೊಂಬಿನಾದೊ ಸೆರ್ಕಾನಿಯಾಸ್' ಎಂಬ ಕೋಡ್ ಇದ್ದರೆ ಅದನ್ನು ಯಂತ್ರದಲ್ಲಿ ಒತ್ತಿ, ಲೋಕಲ್ ಟಿಕೆಟ್ ಪುಕ್ಕಟೆ ಬರುತ್ತದೆ. ವಿಮಾನ ಇಳಿಯುವುದಕ್ಕೂ ರೈಲಿಗೂ ನಡುವೆ ಕನಿಷ್ಠ ಮೂರು ಗಂಟೆ ಬಿಟ್ಟುಕೊಳ್ಳಿ. ಫ್ರಾಂಕ್‌ಫರ್ಟ್ ಥರದ ಊರಲ್ಲಿ ವಿಮಾನ ಬದಲಿಸಿದರೆ ಬೋರ್ಡಿಂಗ್ ಪಾಸ್ ಬಿಸಾಕಬೇಡಿ. ಗಡಿ ತಪಾಸಣೆ ಅಲ್ಲೇ ಮುಗಿದಿರುತ್ತದೆ, ಹಾಗಾಗಿ ಸ್ಪೇನ್‌ಗೆ ಯಾವತ್ತು ಬಂದಿರಿ ಎನ್ನಲು ಆಮೇಲೆ ಅದೇ ದಾಖಲೆ.

ಕಾಗದಪತ್ರದಲ್ಲಿ ಒಂದರ ಬಾಲಕ್ಕೆ ಇನ್ನೊಂದು ಕಟ್ಟಿದೆ. ಮನೆ ಕರಾರು ಇಲ್ಲದೆ 'ಪದ್ರೋನ್' ಇಲ್ಲ, ಪದ್ರೋನ್ ಇಲ್ಲದೆ 'ತಿಯೆ' ಕಾರ್ಡ್ ಕಷ್ಟ. ಪದ್ರೋನ್ ಅಂದರೆ ನಗರಸಭೆಯಲ್ಲಿ ನಿಮ್ಮ ವಿಳಾಸದ ನೋಂದಣಿ. ತಿಯೆ ಅಂದರೆ ವಿದೇಶಿಯರ ಗುರುತಿನ ಚೀಟಿ. ಆರು ತಿಂಗಳಿಗೂ ಹೆಚ್ಚು ಇರುವವರು ಬಂದ 30 ದಿನದೊಳಗೆ ಪೊಲೀಸರಲ್ಲಿ ಅದಕ್ಕೆ ಅರ್ಜಿ ಹಾಕಬೇಕು. ಇಎಕ್ಸ್-17 ನಮೂನೆ, 790-012 ಚಲನ್ ಕಟ್ಟಿದ ರಸೀದಿ (ಸುಮಾರು 16 ಯೂರೊ), ಬಿಳಿ ಹಿನ್ನೆಲೆಯ ಫೋಟೊ, ಪಾಸ್‌ಪೋರ್ಟ್, ಪದ್ರೋನ್ ಒಯ್ಯಿರಿ. ದಿನ ಮೊದಲೇ ಆನ್‌ಲೈನ್‌ನಲ್ಲಿ ಕಾಯ್ದಿರಿಸಬೇಕು. ಹೆಚ್ಚಿನವರು ಎಡವುವುದು ಮನೆಯಲ್ಲೇ: ಕೋಣೆ ಕೊಟ್ಟ ಮಾಲೀಕ ಪದ್ರೋನ್‌ಗೆ ಒಪ್ಪುವುದಿಲ್ಲ. ಮುಂಗಡ ಕೊಡುವ ಮುಂಚೆಯೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಮುಂಗಡಕ್ಕೆ ಇಲ್ಲಿ 'ಫಿಯಾನ್ಸಾ' ಅಂತಾರೆ. ಕಾನೂನಿನಂತೆ ಕಾಯಂ ವಾಸದ ಮನೆಗೆ ಒಂದು ತಿಂಗಳ ಬಾಡಿಗೆ, ಒಂಬತ್ತು ತಿಂಗಳಿನಂಥ 'ತೆಂಪೊರಾದಾ', ಅಂದರೆ ತಾತ್ಕಾಲಿಕ ವಾಸದ, ಕರಾರಿಗೆ ಎರಡು ತಿಂಗಳದ್ದು. ಬೆಂಗಳೂರಿನ ಹತ್ತು ತಿಂಗಳ ಲೆಕ್ಕ ಮರೆತುಬಿಡಿ. ಲಿಯೋನ್ ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿದೆ, ಚಳಿಗಾಲದ ರಾತ್ರಿ ಸೊನ್ನೆಗಿಂತ ಕೆಳಗಿಳಿಯುತ್ತದೆ. ಆದ್ದರಿಂದ ಬಾಡಿಗೆಯಲ್ಲಿ 'ಕಾಲೆಫಾಕ್ಸಿಯೋನ್ ಸೆಂತ್ರಾಲ್', ಅಂದರೆ ಇಡೀ ಕಟ್ಟಡವನ್ನು ಬೆಚ್ಚಗಿಡುವ ವ್ಯವಸ್ಥೆ, ಸೇರಿದೆಯೇ ಎಂದು ಕೇಳಿ. ಅದಿಲ್ಲದ ಅಗ್ಗದ ಕೋಣೆ ಜನವರಿಯಲ್ಲಿ ಅಗ್ಗವಾಗಿ ಉಳಿಯುವುದಿಲ್ಲ. ಇನ್ನೊಂದು, ಬಹಳ ಮನೆಗಳ ವಿದ್ಯುತ್ ಮಿತಿ 3.45 ಕಿಲೊವಾಟ್‌ನ ಆಸುಪಾಸು. 2 ಕಿಲೊವಾಟ್ ಹೀಟರ್ ಉರಿಯುವಾಗ ಇಂಡಕ್ಷನ್ ಒಲೆಯನ್ನೂ ಹಚ್ಚಿದರೆ ಕರೆಂಟ್ ಕಟ್. ಎರಡರಲ್ಲಿ ಒಂದನ್ನು ಬಂದ್ ಮಾಡಿ, ಬಾಗಿಲ ಬಳಿಯ ಮುಖ್ಯ ಸ್ವಿಚ್ ಕೆಳಗಿಳಿಸಿ, ಕೆಲ ಸೆಕೆಂಡ್ ಬಿಟ್ಟು ಮೇಲೆತ್ತಿ. ನಮ್ಮ ಮಿಕ್ಸಿ ಇಲ್ಲಿ ಓಡುತ್ತದೆ, ಪಿನ್ ಮಾತ್ರ ಬೇರೆ.

ಈಗ ಊಟ. ಲಿಯೋನ್ ಹೊಸಬರನ್ನು ಸೋಲಿಸಿಬಿಡುವುದು ಇಲ್ಲೇ. ಹಳೆ ಊರಿನ 'ಬಾರಿಯೊ ಉಮೆದೊ' ಓಣಿಗಳಲ್ಲಿ ಏನಾದರೂ ಕುಡಿಯಲು ಕೇಳಿದರೆ ಜೊತೆಗೆ ಒಂದು ತಿನಿಸು, ತಾಪಾ, ಬರುತ್ತದೆ. ಅದಕ್ಕೆ ಬೇರೆ ದುಡ್ಡಿಲ್ಲ. ಮದ್ಯ ಕುಡಿಯದವರು 'ಉನ್ ಮೊಸ್ತೊ' ಎನ್ನಿ. ದ್ರಾಕ್ಷಿರಸ ಬರುತ್ತದೆ, ತಾಪಾ ಅದಕ್ಕೂ ಉಂಟು. ಆದರೆ ಕೇಳುವಾಗಲೇ ಸಸ್ಯಾಹಾರಿ ಎಂದು ಹೇಳಿ. ಬ್ರೆಡ್ಡಿನ ಮೇಲೆ ಗೊಜ್ಜಿನಂತೆ ಕಪ್ಪಗೆ ಕಾಣುವುದು ಮೊರ್ಸಿಯಾ, ಪ್ರಾಣಿರಕ್ತ ಮತ್ತು ಈರುಳ್ಳಿಯದು. ತೆಳ್ಳಗೆ ಕೊಯ್ದ ಕಡುಗೆಂಪು ಎಸಳು ಸೆಸಿನಾ, ಉಪ್ಪು ಹಾಕಿ ಒಣಗಿಸಿದ ದನದ ಮಾಂಸ. 'ಮಾಂಸ ಬೇಡ' ಅಂದರೆ ಸಾಲದು; 'ನಿ ಕಾರ್ನೆ, ನಿ ಪೆಸ್ಕಾದೊ, ನಿ ಹಾಮೋನ್, ನಿ ಆತುನ್' (ಮಾಂಸ, ಮೀನು, ಹ್ಯಾಮ್, ಟ್ಯೂನಾ ಯಾವುದೂ ಬೇಡ) ಅಂತ ಒಂದೊಂದನ್ನೂ ಬಿಡಿಸಿ ಹೇಳಿ. ಬರೀ ತರಕಾರಿ ಅಂದುಕೊಂಡ ಸಲಾಡಿನಲ್ಲಿ ಟ್ಯೂನಾ ಮೀನು ಇರುವುದು ಮಾಮೂಲು, ಬೇಳೆ ಸಾರಿನಲ್ಲಿ ಹಂದಿಮಾಂಸದ ಚೊರಿಸೊ ಬಿದ್ದಿರುತ್ತದೆ. ಉಳಿಯುವುದು ಆಲೂಗಡ್ಡೆ ಮತ್ತು ಚೀಸ್. ಮೊಟ್ಟೆ ತಿನ್ನುವವರಿಗೆ ತೊರ್ತಿಯಾ, ಅಂದರೆ ಆಲೂಗಡ್ಡೆ ಹಾಕಿದ ದಪ್ಪ ಆಮ್ಲೆಟ್. ಹಸಿವಿಗೆ ಸಾಕು.

ಮನೆ ಅಡುಗೆಗೆ ಉಪ್ಪಿಟ್ಟಿನ ರವೆಯನ್ನು 'ಸೆಮೊಲಾ ದೆ ತ್ರಿಗೊ' ಎಂದು ಹುಡುಕಿ. ಬೇಯಿಸಿದ ಕಾಬೂಲಿ ಕಡಲೆ ಗಾಜಿನ ಬಾಟಲಿಯಲ್ಲಿ ಸಿಗುತ್ತದೆ. ಕೊತ್ತಂಬರಿ ಅಂದರೆ 'ಸಿಲಾಂತ್ರೊ'. ನೋಡಲು ಹಾಗೇ ಇರುವ 'ಪೆರೆಹಿಲ್' ತಂದು ಸಾರು ಕೆಡಿಸಿಕೊಳ್ಳಬೇಡಿ. ಸಾರಿನ ಪುಡಿ, ಇಂಗು, ಒಣ ಕರಿಬೇವು ಊರಿಂದಲೇ ತನ್ನಿ.

ಮಧ್ಯಾಹ್ನ ಎರಡರಿಂದ ಐದರವರೆಗೆ ಸಣ್ಣ ಅಂಗಡಿಗಳ ಬಾಗಿಲು ಹಾಕಿರುತ್ತದೆ, ಭಾನುವಾರ ಇಡೀ ದಿನ. ಹಾಗಾಗಿ ತರಕಾರಿಗೆ ಬುಧವಾರ ಅಥವಾ ಶನಿವಾರ ಬೆಳಿಗ್ಗೆ ಪ್ಲಾಸಾ ಮಯೋರ್‌ನ ಸಂತೆಗೆ ಹೋಗಿ. ಚೀಲ, ಚಿಲ್ಲರೆ ಇರಲಿ. ತರಕಾರಿಯನ್ನು ಮುಟ್ಟಿ ಆರಿಸಬೇಡಿ; ಬೆರಳು ತೋರಿಸಿ 'ಮೆದಿಯೊ ಕಿಲೊ' ಅನ್ನಿ, ಅರ್ಧ ಕಿಲೊ ತೂಗಿ ಕೊಡುತ್ತಾರೆ. ಸಾಲು ಕಾಣಲಿಲ್ಲವೆಂದು ಮುಂದೆ ನುಗ್ಗಬೇಡಿ, ಕಣ್ಣಿಗೆ ಕಾಣದ ಸಾಲು ಅಲ್ಲಿರುತ್ತದೆ. 'ಕಿಯೆನ್ ಎಸ್ ಎಲ್ ಊಲ್ತಿಮೊ?', ಕೊನೆಯವರು ಯಾರು, ಎಂದು ಕೇಳಿ. ಯಾರಾದರೊಬ್ಬರು 'ಯೊ', ನಾನು, ಅನ್ನುತ್ತಾರೆ. ಅವರ ನಂತರ ನಿಮ್ಮ ಸರದಿ. ಮುಂದೆ ಬರುವವರು ಅದೇ ಪ್ರಶ್ನೆ ಕೇಳಿದಾಗ 'ಯೊ' ಅನ್ನಬೇಕಾದವರು ನೀವು.