ಓದುಗರ ಪ್ರಶ್ನೆ: ಶಿರಸಿಯ ಲೈಸೆನ್ಸ್ ಜರ್ಮನಿಯಲ್ಲಿ ನಡೆಯುತ್ತದೆಯೇ?

ಈ ಸಲ ಬಂದ ಪತ್ರಗಳಲ್ಲಿ ಕ್ಲಚ್ಚು, ಗೇರಿನ ಸುದ್ದಿ ಕಡಿಮೆ. ಮಗಳು ಜರ್ಮನಿಯಲ್ಲಿ, ಮಗ ಇಂಗ್ಲೆಂಡಿಗೆ ಹೊರಟಿದ್ದಾನೆ, ತಮ್ಮ ದುಬೈ ಬಿಟ್ಟು ಬಂದ. ಹೀಗೆ ಜಿಲ್ಲೆಯ ಅರ್ಧ ಜನ ಹೊರದೇಶದಲ್ಲೇ ಇದ್ದಾರೇನೋ ಅನ್ನಿಸಿತು. ಕಾರವಾರದಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವ ನನಗೆ ಇದು ಹೊಸದೇನಲ್ಲ. ವೀಸಾ ಕೈಗೆ ಬಂದ ಮೇಲೆ, ವಿಮಾನ ಹತ್ತಲು ಇನ್ನೇನು ಕೆಲವೇ ವಾರ ಇದೆ ಅನ್ನುವಾಗ ಓಡಿಬರುವವರು ಪ್ರತಿ ವರ್ಷ ಇರುತ್ತಾರೆ. ಹಾಗಾಗಿ ಈ ತಿಂಗಳು ಅದೇ ವಿಷಯ.

ಪ್ರಶ್ನೆ: ಮದುವೆಯಾಗಿ ಸ್ಟುಟ್‌ಗಾರ್ಟ್‌ಗೆ ಬಂದು ನಾಲ್ಕು ತಿಂಗಳಾಯಿತು. ಶಿರಸಿ ಆರ್‌ಟಿಓದಲ್ಲಿ ಮಾಡಿಸಿದ ಲೈಸೆನ್ಸ್ ಇದೆ. ಅಪ್ಪನ ಆಲ್ಟೋದಲ್ಲಿ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಿ ಬಂದವಳು ನಾನು. ಇಲ್ಲಿ ನೋಡಿದರೆ ಮತ್ತೆ ಪರೀಕ್ಷೆ ಬರೆಯಬೇಕು ಅಂತಾರೆ. ನೆದರ್ಲೆಂಡ್ಸಿನಲ್ಲಿರುವ ನಮ್ಮ ದೊಡ್ಡಪ್ಪನ ಮಗ ಸುಮ್ನೆ ಕಾರ್ಡ್ ಕೊಟ್ಟು ಬದಲಾಯಿಸಿಕೊಂಡ. ನನಗೆ ಯಾಕಿಲ್ಲ?
– ಹೆಸರು ಬೇಡ, ಶಿರಸಿ

ಉತ್ತರ: ತಂಗೀ, ನಿಮ್ಮ ಅಣ್ಣ ಹೇಳಿದ್ದೂ ನಿಜ, ನಿಮಗೆ ಅಲ್ಲಿಯವರು ಹೇಳಿದ್ದೂ ನಿಜ. ಲೈಸೆನ್ಸ್ ಬದಲಾವಣೆಗೆ ಇಡೀ ಜಗತ್ತಿಗೆ ಒಂದೇ ಕಾನೂನು ಅಂತ ಇಲ್ಲ. ಯೂರೋಪಿನೊಳಗೇ ದೇಶಕ್ಕೊಂದು ತರ.

ನೆದರ್ಲೆಂಡ್ಸಿನಲ್ಲಿ ಹೊರಗಿನಿಂದ ಬರುವ ಪರಿಣತ ಕೆಲಸಗಾರರಿಗೆ ಒಂದು ತೆರಿಗೆ ರಿಯಾಯಿತಿ ಇದೆ. 30% ಸೌಲಭ್ಯ ಅಂತ ಕರೆಯುತ್ತಾರೆ. ಅದು ಸಿಕ್ಕವರು, ಅವರ ಮನೆಯವರು ಯಾವ ದೇಶದ ಲೈಸೆನ್ಸ್ ಆದರೂ ಕೊಟ್ಟು ಅಲ್ಲಿಯದನ್ನು ತೆಗೆದುಕೊಳ್ಳಬಹುದು. ನಿಮ್ಮ ಅಣ್ಣ ಬಹುಶಃ ಆ ದಾರಿಯಲ್ಲಿ ಹೋಗಿರುತ್ತಾನೆ. ಆ ಸೌಲಭ್ಯ ಇಲ್ಲದ ಭಾರತೀಯನಾಗಿದ್ದರೆ ಅವನೂ 185 ದಿನ ಕಳೆದ ಮೇಲೆ ಪರೀಕ್ಷೆಗೇ ಕೂರಬೇಕಿತ್ತು.

ಜರ್ಮನಿಯದು ಬೇರೆ ಲೆಕ್ಕ. ಯಾವ ದೇಶಗಳ ಲೈಸೆನ್ಸನ್ನು ಪರೀಕ್ಷೆ ಇಲ್ಲದೆ ಬದಲಿಸಿ ಕೊಡಬಹುದು ಅಂತ ಅವರ ಕಾನೂನಿನಲ್ಲಿ ಒಂದು ಪಟ್ಟಿ ಇದೆ. ಅದರಲ್ಲಿ ಭಾರತ ಇಲ್ಲ. ಇದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ನಮ್ಮಲ್ಲಿ ಟೆಸ್ಟ್ ಹೇಗೆ ನಡೆಯುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಮುಂದೆ ಹೋಗಿ, ಹಿಂದೆ ಬಂದು, ಒಂದು ತಿರುವು ತೆಗೆದರೆ ಎಷ್ಟೋ ಕಡೆ ಮುಗಿಯಿತು. ಅಲ್ಲಿ ಕಾರಿನ ಪರೀಕ್ಷೆ 55 ನಿಮಿಷ, ಅದರಲ್ಲಿ ಕನಿಷ್ಠ ಅರ್ಧ ಗಂಟೆ ರಸ್ತೆಯ ಮೇಲೆ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಅಲ್ಲಿ ವಾಸ ಶುರುವಾದ ದಿನದಿಂದ ಆರು ತಿಂಗಳು ನಿಮ್ಮ ಶಿರಸಿ ಲೈಸೆನ್ಸ್ ನಡೆಯುತ್ತದೆ. ಜೊತೆಗೆ ಜರ್ಮನ್ ಅನುವಾದವೋ, ಇಂಟರ್‌ನ್ಯಾಷನಲ್ ಪರ್ಮಿಟ್ಟೋ ಇರಬೇಕು. ನಾಲ್ಕು ತಿಂಗಳು ಹೋಯಿತು, ಎರಡು ಉಳಿದಿದೆ. ಅದು ಮುಗಿದ ಮೇಲೆ ಸ್ಟಿಯರಿಂಗ್ ಮುಟ್ಟಬೇಡಿ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಸಿಕ್ಕಿಬಿದ್ದರೆ ದಂಡ ಕಟ್ಟಿ ಬರುತ್ತೇವೆ ಅನ್ನುವ ಧೈರ್ಯ. ಅಲ್ಲಿ ಅದು ಕ್ರಿಮಿನಲ್ ಅಪರಾಧ, ಒಂದು ವರ್ಷದ ತನಕ ಜೈಲು ಹಾಕಲು ಅವಕಾಶ ಇದೆ. ಅಪಘಾತ ಆದರೆ ಇನ್ಶೂರೆನ್ಸಿನ ತಲೆನೋವು ಬೇರೆ.

ಒಂದು ಸಮಾಧಾನ ಇದೆ. ಭಾರತದ ಲೈಸೆನ್ಸ್ ಇರುವವರಿಗೆ ಅಲ್ಲಿ ಹೊಸಬರಿಗಿರುವ ಕಡ್ಡಾಯ ಕ್ಲಾಸುಗಳು ಇಲ್ಲ. ಥಿಯರಿ, ಪ್ರಾಕ್ಟಿಕಲ್ ಎರಡು ಪಾಸಾದರೆ ಸಾಕು. ಆರು ತಿಂಗಳು ದಾಟಿದರೂ ಈ ರಿಯಾಯಿತಿ ಹೋಗುವುದಿಲ್ಲ. ಗಾಡಿ ಓಡಿಸುವಂತಿಲ್ಲ, ಅಷ್ಟೇ. ಆದರೆ ಪರೀಕ್ಷೆಗೆ ಡ್ರೈವಿಂಗ್ ಸ್ಕೂಲಿನ ಕಾರು, ಅಲ್ಲಿಯ ಮೇಷ್ಟ್ರು ಬೇಕೇ ಬೇಕು. ಅವರು ನಿಮ್ಮನ್ನು ಒಂದಷ್ಟು ಹೊತ್ತು ಓಡಿಸಿ ನೋಡದೆ ಪರೀಕ್ಷೆಗೆ ಕರೆದೊಯ್ಯುವುದಿಲ್ಲ. ನಾನಾದರೂ ಹಾಗೇ ಮಾಡುತ್ತಿದ್ದೆ.

ಇವತ್ತೇ ಶುರು ಮಾಡಬೇಕಾದದ್ದು ಕಾಗದದ ಕೆಲಸ. ಲೈಸೆನ್ಸಿನ ಅನುವಾದ, ಕಣ್ಣಿನ ಪರೀಕ್ಷೆಯ ಚೀಟಿ, ಪ್ರಥಮ ಚಿಕಿತ್ಸೆಯ ಕೋರ್ಸು, ಫೋಟೋ. ಪ್ರಥಮ ಚಿಕಿತ್ಸೆಯದು ಒಂದು ದಿನದ ಕೆಲಸ. ಇವೆಲ್ಲ ಇಟ್ಟು ಅರ್ಜಿ ಕೊಟ್ಟರೆ ಒಪ್ಪಿಗೆ ಬರಲು ವಾರಗಟ್ಟಲೆ ಬೇಕು. ಆ ಹೊತ್ತಿನಲ್ಲಿ ಥಿಯರಿ ಓದಿಕೊಳ್ಳಿ. ಇಂಗ್ಲಿಷಿನಲ್ಲಿ ಬರೆಯಬಹುದು. 30 ಪ್ರಶ್ನೆ ಇರುತ್ತದೆ. ತಪ್ಪಿಗೆ ಅಂಕ ಕಳೆಯುವ ಪದ್ಧತಿ, 10 ಅಂಕದ ತನಕ ಮಾಫಿ. ಆದರೆ ಐದೈದು ಅಂಕದ ಎರಡು ಪ್ರಶ್ನೆ ತಪ್ಪಿದರೆ ಹತ್ತೇ ಆದರೂ ಫೇಲು. ಐದಂಕದವು ಹೆಚ್ಚಾಗಿ ಯಾರು ಮೊದಲು ಹೋಗಬೇಕು ಅನ್ನುವಂಥ ಪ್ರಶ್ನೆಗಳು. ನಮ್ಮವರು ಎಡವುವುದೂ ಅಲ್ಲೇ.

ಯಾಕೆಂದರೆ ಫಲಕ, ಸಿಗ್ನಲ್ ಏನೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬಂದವನು ಮೊದಲು, ಇದು ಅಲ್ಲಿಯ ನಿಯಮ. ಅವನು ಸೈಕಲ್ಲಿನವನೇ ಆಗಿರಲಿ, ನೀವು ದೊಡ್ಡ ರಸ್ತೆಯಲ್ಲಿ ಇದ್ದಂತೆ ಕಾಣುತ್ತಿರಲಿ. ನಮ್ಮಲ್ಲಿ ಬಸ್ಸು ಮೊದಲು, ಆಮೇಲೆ ಲಾರಿ, ಆಮೇಲೆ ಯಾರ ಹಾರ್ನ್ ಜೋರೋ ಅವರು. ಆ ಅಭ್ಯಾಸ ಹೋಗಲು ಪುಸ್ತಕ ಸಾಲದು. ಅಲ್ಲಿಯ ಓಣಿಗಳಲ್ಲಿ ಕಾಲ್ನಡಿಗೆಯಲ್ಲೇ ಓಡಾಡುತ್ತ, ಪ್ರತಿ ಮೂಲೆಯಲ್ಲಿ ನಿಂತು ಈಗ ಯಾರ ಸರದಿ ಅಂತ ನೋಡಿ. ಖರ್ಚಿಲ್ಲದ ಕ್ಲಾಸು ಅದು.

ಇನ್ನೊಂದು, ತಿರುಗುವ ಮೊದಲು, ಲೇನ್ ಬದಲಿಸುವ ಮೊದಲು ಕನ್ನಡಿ ನೋಡಿದರೆ ಸಾಲದು. ಕತ್ತು ತಿರುಗಿಸಿ ಹೆಗಲ ಮೇಲಿಂದ ಹಿಂದೆ ನೋಡಬೇಕು. ಕನ್ನಡಿಗೆ ಕಾಣದ ಜಾಗದಲ್ಲಿ ಸೈಕಲ್ಲು ಇರುತ್ತದೆ. ಪರೀಕ್ಷಕರು ನಿಮ್ಮ ಕೈಗಿಂತ ಕತ್ತನ್ನೇ ಜಾಸ್ತಿ ಗಮನಿಸುತ್ತಾರೆ. ಜೀಬ್ರಾ ಪಟ್ಟೆಯ ಹತ್ತಿರ ಯಾರಾದರೂ ದಾಟಲು ಬಂದರೆ ನಿಲ್ಲಿಸಲೇಬೇಕು. ಘಟ್ಟದ ತಿರುವಿಗೊಂದು ಹಾರ್ನ್ ಹೊಡೆದು ಕಲಿತ ಬೆರಳನ್ನು ಸ್ವಲ್ಪ ಹಿಡಿತದಲ್ಲಿ ಇಡಿ. ಊರೊಳಗೆ ಅಪಾಯ ತಪ್ಪಿಸಲು ಬಿಟ್ಟರೆ ಹಾರ್ನ್ ಒತ್ತುವಂತಿಲ್ಲ.

ಹಾಗಂತ ದೇವಿಮನೆ ಘಟ್ಟ ವ್ಯರ್ಥ ಅಲ್ಲ. ಸ್ಟುಟ್‌ಗಾರ್ಟ್ ಏರುತಗ್ಗಿನ ಊರು. ಏರಿನಲ್ಲಿ ನಿಲ್ಲಿಸಿ ಹಿಂದೆ ಜಾರದೆ ಎತ್ತುವುದು ನಿಮಗೆ ಬರುತ್ತದೆ, ಅಲ್ಲಿಯ ಹೊಸಬರಿಗೆ ಅದೇ ಕಷ್ಟ. ಎಡಗಡೆ ಕೂತು ಬಲಗೈಯಲ್ಲಿ ಗೇರ್ ಹಾಕುವುದು ಬೇಗ ರೂಢಿಯಾಗುತ್ತದೆ. ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಇರುವ ಸಾಲು ಎರಡೂ ಕಡೆ ಒಂದೇ, ಕಾಲಿಗೆ ಏನೂ ಬದಲಿಲ್ಲ.

ಪಾಸಾದ ಮೇಲೆ ಅಲ್ಲಿಯ ಕಾರ್ಡ್ ಕೊಡುವಾಗ ಭಾರತದ ಕಾರ್ಡನ್ನು ಇಟ್ಟುಕೊಳ್ಳುತ್ತಾರೆ. ಅದಕ್ಕೇ ಎರಡೂ ಬದಿಯ ನಕಲು ಈಗಲೇ ತೆಗೆದಿಡಿ. ಡಿಜಿಲಾಕರಿನಲ್ಲಿ ಲೈಸೆನ್ಸ್ ಸೇರಿಸಿಕೊಳ್ಳಿ. ಅಪ್ಪನ ಆಲ್ಟೋಗೆ ರಜೆಯಲ್ಲಿ ಅದು ಸಾಕಾಗುತ್ತದೆ.

ನಿಮ್ಮ ಯಜಮಾನರಿಗೆ ಲೈಸೆನ್ಸ್ ಇಲ್ಲ, ರಜೆಗೆ ಬಂದಾಗ ಶಿರಸಿಯಲ್ಲೇ ಮಾಡಿಸಿಕೊಂಡು ಹೋದರೆ ಆಗದೇ ಅಂತಲೂ ಕೇಳಿದ್ದೀರಿ. ಆಗದು. ಜರ್ಮನಿಯ ವಾಸಿಯಾಗಿದ್ದಾಗ ಹೊರಗೆ ಮಾಡಿಸಿದ ಇಂಥ ಲೈಸೆನ್ಸನ್ನು ಅವರು ಒಪ್ಪುವುದಿಲ್ಲ. ಕೊಟ್ಟ ತಾರೀಕು, ಪಾಸ್‌ಪೋರ್ಟಿನ ಮುದ್ರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಇಂಥ ಉಪಾಯ ಹೇಳಿಕೊಡುವ ಏಜೆಂಟರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ದುಡ್ಡು ದಂಡ.

ಪ್ರಶ್ನೆ: ಮಗ ಎಂಎಸ್ಸಿಗೆ ಇಂಗ್ಲೆಂಡಿಗೆ ಹೊರಟಿದ್ದಾನೆ. ಇಂಟರ್‌ನ್ಯಾಷನಲ್ ಲೈಸೆನ್ಸ್ ಮಾಡಿಸಬೇಕೇ? ಆನ್‌ಲೈನಿನಲ್ಲಿ ಹತ್ತು ವರ್ಷದ ಕಾರ್ಡ್ ಮನೆಗೇ ಕಳಿಸುತ್ತಾರಂತೆ.
– ಓದುಗರು, ಕುಮಟಾ

ಉತ್ತರ: ಆ ಹತ್ತು ವರ್ಷದ ಕಾರ್ಡಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಭಾರತದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ 1949ರ ಜಿನೀವಾ ಒಪ್ಪಂದದಂತೆ ಕೊಡುವುದು. ಅದರ ಆಯಸ್ಸು ಒಂದೇ ವರ್ಷ. ಅರ್ಜಿ ಫಾರ್ಮ್ 4ಎ, ಶುಲ್ಕ 1,000 ರೂಪಾಯಿ, ಕೊಡುವುದು ಆರ್‌ಟಿಓ. ಅದು ಸ್ವತಂತ್ರ ಲೈಸೆನ್ಸ್ ಅಲ್ಲ, ನಿಮ್ಮ ಲೈಸೆನ್ಸನ್ನು ಬೇರೆ ಭಾಷೆಯವರು ಓದಲು ಅನುಕೂಲವಾಗಲಿ ಅಂತ ಇರುವ ಪುಸ್ತಿಕೆ. ಮೂಲ ಕಾರ್ಡ್ ಜೊತೆಗಿಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ.

ಇಂಗ್ಲೆಂಡಿಗೆ ಅದು ಬೇಕೇ ಬೇಕು ಅಂತಿಲ್ಲ. ಅಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಭಾರತದ ಲೈಸೆನ್ಸಿನಲ್ಲೇ ಕಾರು ಓಡಿಸಬಹುದು. ರಸ್ತೆಯ ಎಡಬದಿಯೇ, ಸ್ಟಿಯರಿಂಗ್ ಬಲಕ್ಕೇ. ವರ್ಷ ಮುಗಿದ ಮೇಲೆ ಬದಲಾವಣೆ ಇಲ್ಲ, ಅಲ್ಲಿಯ ಪರೀಕ್ಷೆಯೇ. ಮೊದಲು ಪ್ರೊವಿಷನಲ್ ಲೈಸೆನ್ಸ್, ಅಂದರೆ ಕಲಿಯುವವರ ಲೈಸೆನ್ಸ್, ಆನ್‌ಲೈನಿನಲ್ಲಿ 34 ಪೌಂಡ್. ಆಮೇಲೆ ಥಿಯರಿ, 23 ಪೌಂಡ್. 50 ಪ್ರಶ್ನೆಗೆ 43 ಸರಿ ಇರಬೇಕು. ಜೊತೆಗೆ ವಿಡಿಯೋ ತೋರಿಸಿ ಅಪಾಯ ಎಲ್ಲಿ ಹುಟ್ಟುತ್ತಿದೆ ಅಂತ ಒತ್ತಿ ಹೇಳಿಸುವ ಒಂದು ಪರೀಕ್ಷೆ. ಅದು ನನಗೆ ಬಹಳ ಮೆಚ್ಚುಗೆ, ನಮ್ಮಲ್ಲೂ ಬರಬೇಕು. ಆಮೇಲೆ ರಸ್ತೆ ಪರೀಕ್ಷೆ, ವಾರದ ದಿನಗಳಲ್ಲಿ 62 ಪೌಂಡ್. ಇದಕ್ಕೆ ತಾರೀಕು ಸಿಗುವುದೇ ದೊಡ್ಡ ಪಾಡು. ಅಲ್ಲೇ ಕೆಲಸ ಹುಡುಕುವ ಯೋಚನೆ ಇದ್ದರೆ ವರ್ಷದ ಕೊನೆಗೆ ಕಾಯಬೇಡಿ, ಮೊದಲ ತಿಂಗಳುಗಳಲ್ಲೇ ಪ್ರೊವಿಷನಲ್ ತೆಗೆದುಕೊಳ್ಳಲಿ. ಗೇರ್ ಕಾರಿನಲ್ಲೇ ಪರೀಕ್ಷೆ ಕೊಡಲಿ. ಆಟೋಮ್ಯಾಟಿಕ್‌ನಲ್ಲಿ ಪಾಸಾದರೆ ಆಟೋಮ್ಯಾಟಿಕ್ ಮಾತ್ರ ಓಡಿಸಬಹುದು.

ಓದುವ ಹುಡುಗನಿಗೆ ಅಲ್ಲಿ ಕಾರು ಯಾಕೆ ಅನ್ನುವುದು ಬೇರೆ ಪ್ರಶ್ನೆ. ಹೊಸಬರ ಇನ್ಶೂರೆನ್ಸ್ ಕೇಳಿದರೆ ನೀವೇ ಬಸ್ ಪಾಸ್ ಮಾಡಿಸು ಅನ್ನುತ್ತೀರಿ.

ಪ್ರಶ್ನೆ: ದುಬೈನಲ್ಲಿ ಕಲಿತು ಅಲ್ಲೇ ಲೈಸೆನ್ಸ್ ಪಡೆದವನು. ಈಗ ಊರಿಗೇ ಬಂದುಬಿಟ್ಟೆ. ಇಲ್ಲಿಯ ಲೈಸೆನ್ಸ್ ಯಾವತ್ತೂ ಇರಲಿಲ್ಲ. ಮತ್ತೆ ಟೆಸ್ಟ್ ಕೊಡಬೇಕೇ?
– ಓದುಗರು, ಭಟ್ಕಳ

ಉತ್ತರ: ನಮ್ಮ ಕಾನೂನು ಈ ವಿಷಯದಲ್ಲಿ ಜರ್ಮನಿಗಿಂತ ಉದಾರ. 1988ರ ಮೋಟಾರು ವಾಹನ ಕಾಯ್ದೆಯ 9ನೇ ಸೆಕ್ಷನ್ ನೋಡಿ. ಹೊರದೇಶದ ಅಧಿಕೃತ ಸಂಸ್ಥೆ ಕೊಟ್ಟ ಲೈಸೆನ್ಸ್ ಇದ್ದವರಿಗೆ ಅದೇ ಬಗೆಯ ವಾಹನಕ್ಕೆ ಡ್ರೈವಿಂಗ್ ಟೆಸ್ಟ್ ಬೇಡ ಅಂತ ಅದರಲ್ಲಿದೆ. ಕಾರಿನ ಲೈಸೆನ್ಸ್ ತೋರಿಸಿ ಬೈಕಿಗೂ ಕೇಳುವಂತಿಲ್ಲ. ದುಬೈ ಕಾರ್ಡ್ ಚಾಲ್ತಿಯಲ್ಲಿ ಇರುವಾಗಲೇ ಹೋಗಿ, ಇದು ಮುಖ್ಯ. ನಿಮಗೆ ಹತ್ತಿರ ಹೊನ್ನಾವರದ ಆರ್‌ಟಿಓ. ಪಾಸ್‌ಪೋರ್ಟ್, ವೀಸಾ ಪುಟ, ವಿಳಾಸದ ದಾಖಲೆ ಒಯ್ಯಿರಿ. 40 ದಾಟಿದ್ದರೆ ಫಾರ್ಮ್ 1ಎಯಲ್ಲಿ ವೈದ್ಯರ ಸರ್ಟಿಫಿಕೇಟ್ ಬೇಕು. ಕೌಂಟರಿನವರಿಗೆ ಇಂಥ ಅರ್ಜಿ ಅಪರೂಪ, ಸೆಕ್ಷನ್ನಿನ ಪ್ರತಿ ಕೈಯಲ್ಲಿದ್ದರೆ ಮಾತು ಸುಲಭ.

ಕಾನೂನು ಬೇಡ ಅಂದರೂ ನಾನು ಬೇಕು ಅನ್ನುತ್ತೇನೆ: ನಾಲ್ಕು ದಿನ ಬೆಳಗ್ಗೆ ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿ. ದುಬೈಯಲ್ಲಿ ಬಲಬದಿ, ಇಲ್ಲಿ ಎಡಬದಿ. ನೇರ ರಸ್ತೆಯಲ್ಲಿ ಇದು ತೊಂದರೆ ಕೊಡುವುದಿಲ್ಲ. ಪೆಟ್ರೋಲ್ ಬಂಕಿನಿಂದ ಹೊರಬಂದು ಖಾಲಿ ರಸ್ತೆಗೆ ಇಳಿಯುವಾಗ ಕೈ ತಾನಾಗಿ ಹಳೇ ಬದಿಗೆ ಎಳೆಯುತ್ತದೆ. ಹೆದ್ದಾರಿ 66ರಲ್ಲಿ ಎದುರಿನಿಂದಲೇ ಬರುವ ಬೈಕುಗಳೂ ಇರುತ್ತವೆ, ಅದನ್ನು ದುಬೈ ನಿಮಗೆ ಕಲಿಸಿರುವುದಿಲ್ಲ.

ಪ್ರಶ್ನೆ: ಮಸ್ಕತ್‌ನಲ್ಲಿದ್ದಾಗ ನನ್ನ ಇಲ್ಲಿಯ ಲೈಸೆನ್ಸ್ ಅವಧಿ ಮುಗಿದು ಎಂಟು ತಿಂಗಳಾಯಿತು. ಮತ್ತೆ ಎಲ್‌ಎಲ್‌ನಿಂದ (ಲರ್ನರ್ ಲೈಸೆನ್ಸ್) ಶುರು ಮಾಡಬೇಕೇ?
– ಓದುಗರು, ಅಂಕೋಲಾ

ಉತ್ತರ: ಬೇಡ. ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದ, ಮುಗಿದು ಒಂದು ವರ್ಷದ ತನಕ ಟೆಸ್ಟ್ ಇಲ್ಲದೆ ನವೀಕರಿಸಬಹುದು. 2019ರ ತಿದ್ದುಪಡಿಯಿಂದ ಬಂದ ನಿಯಮ ಇದು. ನಿಮಗಿನ್ನೂ ನಾಲ್ಕು ತಿಂಗಳು ಇದೆ. ಈ ರಜೆಯಲ್ಲೇ ಮುಗಿಸಿ ಹೋಗಿ, ಮುಂದಿನ ರಜೆಗೆ ಬಂದರೆ ಟೆಸ್ಟ್ ಖಂಡಿತ.

ಪ್ರಶ್ನೆ: ಮಗಳು ಟೊರಾಂಟೋದಲ್ಲಿದ್ದಾಳೆ. ಹಳೇ ಅನುಭವ ಲೆಕ್ಕಕ್ಕೆ ಬರಲು ಕಾರವಾರ ಆರ್‌ಟಿಓದ ಪತ್ರ ಬೇಕಂತೆ. ಅವಳಿಲ್ಲದೆ ನಾನು ತರಬಹುದೇ?
– ಓದುಗರು, ಕಾರವಾರ

ಉತ್ತರ: ಮೊದಲು ಅವಳಿಗೆ ಒಂದು ಮಾತು ಹೇಳಿ: ಅಲ್ಲಿ ನೆಲೆಸಿದವರಿಗೆ ಭಾರತದ ಲೈಸೆನ್ಸ್ ನಡೆಯುವುದು 60 ದಿನ ಮಾತ್ರ. ಆಮೇಲೆ ಥಿಯರಿ ಬರೆಯಲೇಬೇಕು. ಇಲ್ಲಿಯ ಅನುಭವಕ್ಕೆ ಪುರಾವೆ ಸಿಕ್ಕರೆ ರಸ್ತೆ ಪರೀಕ್ಷೆಗೆ ಹೊಸಬರು ಕಾಯುವಷ್ಟು ಕಾಯಬೇಕಿಲ್ಲ, ಹಾಗಾಗಿ ಆ ಪತ್ರಕ್ಕೆ ಓಡಾಡುವುದು ಸಾರ್ಥಕ.

ಲೈಸೆನ್ಸ್ ಕೆಲಸಗಳ ಸರ್ಕಾರಿ ವೆಬ್‌ಸೈಟ್ ಆದ ಸಾರಥಿ ಪೋರ್ಟಲಿನಲ್ಲಿ ಡಿಎಲ್ ಎಕ್ಸ್‌ಟ್ರಾಕ್ಟ್‌ಗೆ, ಅಂದರೆ ಲೈಸೆನ್ಸಿನ ದಾಖಲೆಯ ಪ್ರತಿಗೆ, ಅವಳೇ ಅಲ್ಲಿಂದ ಅರ್ಜಿ ಹಾಕಲಿ. ಪತ್ರ ಕೇಳಲು ನಿಮಗೆ ಅವಳ ಸಹಿ ಇರುವ ಒಪ್ಪಿಗೆ ಚೀಟಿ, ಪಾಸ್‌ಪೋರ್ಟಿನ ನಕಲು ಬೇಕಾಗುತ್ತದೆ. ಹಳೇ ಪುಸ್ತಕದ ಲೈಸೆನ್ಸ್ ಆಗಿದ್ದರೆ ಅದರ ನಂಬರ್ ಕಂಪ್ಯೂಟರಿನಲ್ಲಿ ಇದೆಯೇ ಅಂತ ಮೊದಲು ನೋಡಿ. ಇಲ್ಲದಿದ್ದರೆ ಬ್ಯಾಕ್‌ಲಾಗ್ ಎಂಟ್ರಿ (ಹಳೇ ದಾಖಲೆಯನ್ನು ಕಂಪ್ಯೂಟರಿಗೆ ಸೇರಿಸುವುದು) ಮಾಡಿಸದೆ ಏನೂ ಹೊರಡುವುದಿಲ್ಲ. ಪತ್ರದಲ್ಲಿ ಮೊದಲ ಸಲ ಲೈಸೆನ್ಸ್ ಕೊಟ್ಟ ತಾರೀಕು, ವಾಹನದ ಬಗೆ, ಅವಧಿ ಮೂರೂ ಇರಲಿ. ನವೀಕರಿಸಿದ ತಾರೀಕು ಒಂದನ್ನೇ ಬರೆದು ಕೊಟ್ಟರೆ ಅವಳ ಹಳೇ ಅನುಭವವೆಲ್ಲ ಕಾಗದದಲ್ಲಿ ಮಾಯ. ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಬೇಕು. ಮದುವೆಯ ಮೇಲೆ ಹೆಸರು ಬದಲಾಗಿದ್ದರೆ ಅದನ್ನು ಅರ್ಜಿಯಲ್ಲೇ ತಿಳಿಸಿ. ಕೌಂಟರ್ ಬಿಡುವ ಮೊದಲು ಸ್ಪೆಲ್ಲಿಂಗ್ ಒಂದೊಂದೇ ಅಕ್ಷರ ಓದಿ ನೋಡಿ.