ರಾಕ್ ನುಡಿಸುವವರಿಗೆ ಫಿಕ್ಸೆಡ್ ಬ್ರಿಜ್ ಗಿಟಾರ್ ಏಕೆ ಇಷ್ಟ?

ವ್ಯಾಮಿ ಬಾರ್ (ಬ್ರಿಜ್ ಅಲುಗಿಸಿ ಸ್ವರ ಏರಿಳಿಸುವ ಸರಳು) ಇಲ್ಲದ, ಬ್ರಿಜ್ (ಗಿಟಾರಿನ ಮೈಮೇಲೆ ತಂತಿಗಳನ್ನು ಹೊರುವ ಭಾಗ) ಅಲುಗದಂತೆ ಕೂತಿರುವ ಫಿಕ್ಸೆಡ್ ಬ್ರಿಜ್ ಗಿಟಾರನ್ನೇ ಹಲವು ರಾಕ್ ವಾದಕರು ಏಕೆ ಆರಿಸುತ್ತಾರೆ, ಕೊಳ್ಳುವಾಗ ಏನು ನೋಡಬೇಕು ಎಂದು ಕೇಳಿದ್ದೀರಿ.

ಮೊದಲ ಕಾರಣ ಶ್ರುತಿ. ವ್ಯಾಮಿ ಬಾರ್ ಇರುವ, ಫ್ಲಾಯ್ಡ್ ರೋಸ್‌ನಂಥ ತೇಲುವ ಬ್ರಿಜ್‌ನಲ್ಲಿ ಒಂದು ಕಡೆ ತಂತಿಗಳು, ಇನ್ನೊಂದು ಕಡೆ ಹಿಂಬದಿಯ ಸ್ಪ್ರಿಂಗ್‌ಗಳು ಎಳೆಯುತ್ತಿರುತ್ತವೆ, ತಕ್ಕಡಿಯ ಹಾಗೆ. ಡ್ರಾಪ್ ಡಿ ಶ್ರುತಿಗಾಗಿ ದಪ್ಪ ಇ ತಂತಿಯನ್ನು ಡಿ ಸ್ವರಕ್ಕೆ ಸಡಿಲಿಸಿದರೆ ಸ್ಪ್ರಿಂಗ್‌ಗಳ ಕೈ ಮೇಲಾಗಿ ಉಳಿದ 5 ತಂತಿಗಳ ಶ್ರುತಿ ಏರಿಬಿಡುತ್ತದೆ. ಹಾಡಿನ ಮಧ್ಯೆ ಒಂದು ತಂತಿ ಹರಿದರಂತೂ ಎಲ್ಲವೂ ಅಪಶ್ರುತಿ. ಬ್ರಿಜ್ ಮರಕ್ಕೆ ಬಿಗಿಯಾಗಿ ಕೂತಿದ್ದರೆ ಈ ಕಾಟವೇ ಇಲ್ಲ. ಪಾಮ್ ಮ್ಯೂಟ್ ಮಾಡುವಾಗ, ಅಂದರೆ ನಾದ ತಗ್ಗಿಸಲು ಬ್ರಿಜ್ ಬಳಿ ತಂತಿಗಳ ಮೇಲೆ ಅಂಗೈ ಊರಿದಾಗ, ಬ್ರಿಜ್ ಅಲುಗಿ ಸ್ವರ ಕೆಡದು. ರಿಫ್ (ಮತ್ತೆ ಮತ್ತೆ ಬರುವ ಚಿಕ್ಕ ಸ್ವರಗುಚ್ಛ) ನುಡಿಸುವವರಿಗೆ ಇದಕ್ಕಿಂತ ದೊಡ್ಡ ನೆಮ್ಮದಿ ನನಗೆ ಕಾಣದು.

1954ರಲ್ಲಿ ಗಿಬ್ಸನ್‌ನ ಲೆಸ್ ಪಾಲ್ ಕಸ್ಟಮ್‌ನೊಂದಿಗೆ ಬಂದ ಟ್ಯೂನ್-ಓ-ಮ್ಯಾಟಿಕ್ ಬ್ರಿಜ್ ಇಂದಿಗೂ ಚಾಲ್ತಿಯಲ್ಲಿದೆ. ಪ್ರತಿ ತಂತಿಯ ಇಂಟೊನೇಶನ್ನನ್ನು (ಕುತ್ತಿಗೆಯುದ್ದಕ್ಕೂ ಎಲ್ಲಿ ಒತ್ತಿದರೂ ಸ್ವರ ಸರಿಯಾಗಿರುವುದನ್ನು) ಅದರಲ್ಲಿ ಬೇರೆ ಬೇರೆಯಾಗಿ ಹೊಂದಿಸಬಹುದು.

ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಹಂಬಕರ್ ಎಂಬ ಬಗೆಯದಾಗಿರಲಿ. ಅದರ ಎರಡು ಸುರುಳಿಗಳು ನಮ್ಮ ಮನೆಯ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆಯನ್ನು ಬಹುಮಟ್ಟಿಗೆ ಅಳಿಸುತ್ತವೆ. ನಾದವನ್ನು ಒರಟಾಗಿಸುವ ಡಿಸ್ಟಾರ್ಶನ್ ಹಾಕಿದಾಗ ಅದರ ಬೆಲೆ ಗೊತ್ತಾಗುತ್ತದೆ.

ಸ್ಕೇಲ್ ಉದ್ದವನ್ನು, ಅಂದರೆ ತಂತಿಯ ಕಂಪಿಸುವ ಭಾಗದ ಉದ್ದವನ್ನು, ಮರೆಯಬೇಡಿ. ಶ್ರುತಿಯನ್ನು ಇನ್ನೂ ಕೆಳಗೆ, ಡ್ರಾಪ್ ಸಿ ತನಕ ಇಳಿಸುವ ಆಸೆಯಿದ್ದರೆ 24.75 ಇಂಚಿಗಿಂತ 25.5 ಇಂಚಿನದು ಮೇಲು, ತಂತಿ ಅಷ್ಟಾಗಿ ಜೋತುಬೀಳುವುದಿಲ್ಲ. ಜೊತೆಗೆ ತುಸು ದಪ್ಪ ತಂತಿ ಹಾಕಿಸಿ. ಬಾರ್ ಒತ್ತಿ ಸ್ವರವನ್ನು ಪಾತಾಳಕ್ಕಿಳಿಸುವ ಡೈವ್ ಬಾಂಬ್ ನಿಮಗೆ ಪ್ರಾಣವಾಗಿದ್ದರೆ ಮಾತ್ರ ಈ ಗಿಟಾರ್ ಬೇಡ.