ಐದು ವರ್ಷದ ಸ್ಪ್ಯಾನಿಯಲ್ ನಾಯಿಗೆ ಮೊಲ, ಕೌಜುಗಗಳ ಬೆನ್ನು ಹತ್ತುವುದನ್ನು ಬಿಡಿಸುವುದು ಹೇಗೆ?

ನಿಮ್ಮ ಕಾಕರ್ ಸ್ಪ್ಯಾನಿಯಲ್ ಮನೆಯಲ್ಲಿ ಹೇಳಿದ ಮಾತು ಕೇಳುತ್ತದೆ, ಹೊಲಕ್ಕೆ ಕಾಲಿಟ್ಟೊಡನೆ ಕೌಜುಗ, ಮೊಲಗಳ ಬೆನ್ನು ಹತ್ತಿ ಕಣ್ಮರೆಯಾಗುತ್ತದೆ. ಬೇಟೆನಾಯಿಯ ತಳಿಯಾದ್ದರಿಂದ ಅದು ಹುಟ್ಟುಗುಣವಿರಬೇಕು ಎಂಬುದು ನಿಮ್ಮ ಊಹೆ. ಎಳ್ಳ ಅಮಾವಾಸ್ಯೆಯೊಳಗೆ ಬಿಡಿಸಲು ಕರೆಂಟ್ ಕೊಡುವ ಪಟ್ಟಿ ಕಟ್ಟಲೇ ಎಂದು ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ನಾನು ಕಂಡಕಂಡವರಲ್ಲಿ ಕೇಳಿದ್ದೇನೆ.

ನಮ್ಮ ಶೇರು ಹೈದರಾಬಾದಿನ ಸಂಬಂಧಿಕರ ಫ್ಲ್ಯಾಟಿನಲ್ಲಿ ಬೆಳೆದು, ಅವರು ವಿದೇಶಕ್ಕೆ ಹೊರಟಾಗ ಕಲಬುರಗಿಗೆ ಬಂದ ನಾಯಿ. ಬರುವಾಗಲೇ ಪ್ರಾಯಕ್ಕೆ ಬಂದಿತ್ತು. ಆಳಂದ ರಸ್ತೆಯ ಕಡೆ ನಮಗೆ ಸ್ವಲ್ಪ ಹೊಲವಿದೆ. ಮೊದಲ ದಿನ ಅಲ್ಲಿ ಬಿಟ್ಟಾಗ ಅದು ತೊಗರಿ ಸಾಲಿನೊಳಗೆ ಮೂಗು ನೆಲಕ್ಕಿಟ್ಟು, ಮೋಟು ಬಾಲವನ್ನು ಕಣ್ಣಿಗೆ ಹಿಡಿಯದಷ್ಟು ವೇಗವಾಗಿ ಆಡಿಸುತ್ತ ನುಗ್ಗಿದ್ದನ್ನು ನೋಡಿ ನಾನು ಹಿಗ್ಗಿದ್ದೆ. ಸಾಲಿನ ಕೊನೆಯಲ್ಲಿ ಕೌಜುಗವೊಂದು ಬುರ್ರೆಂದು ಮೇಲೆದ್ದಿತು. ನಾಯಿ ಅದರ ಹಿಂದೆಯೇ ಹೋಯಿತು. ಮರಳಿ ಬಂದದ್ದು ಬಿಸಿಲೇರಿದ ಮೇಲೆ, ಕಿವಿಯ ಕೂದಲ ತುಂಬ ಉತ್ತರಾಣಿ ಬೀಜ ಕಚ್ಚಿಸಿಕೊಂಡು.

ಮೊದಲು ನಿಮ್ಮ ಹುಟ್ಟುಗುಣದ ಮಾತನ್ನು ನಾನು ಒಪ್ಪುವುದಿಲ್ಲ. ಇಂಗ್ಲೆಂಡಿನಲ್ಲಿ ಈ ತಳಿಯನ್ನು ಬೆಳೆಸಿದ್ದು ಪೊದೆಯೊಳಗೆ ಹುಡುಕಿ ಹಕ್ಕಿಯನ್ನೋ ಮೊಲವನ್ನೋ ಎಬ್ಬಿಸುವುದಕ್ಕೆ. ಛರ‍್ರೆ ಬಂದೂಕಿನ ಗುರಿ ಸುಮಾರು 35 ಮೀಟರಿನಾಚೆ ನೆಚ್ಚುವಂಥದ್ದಲ್ಲವಾದ್ದರಿಂದ ನಾಯಿ ಅದರೊಳಗೇ ಕೆಲಸ ಮಾಡಬೇಕು, ಬೇಟೆ ಎದ್ದ ಕ್ಷಣ ಇದ್ದಲ್ಲೇ ಕೂರಬೇಕು, ಹೇಳಿದ ಮೇಲಷ್ಟೇ ಬಿದ್ದದ್ದನ್ನು ತರಬೇಕು. ಬ್ರಿಟನ್ನಿನ ಸ್ಪ್ಯಾನಿಯಲ್ ಸ್ಪರ್ಧೆಗಳಲ್ಲಿ ಬೆನ್ನಟ್ಟಿದ ನಾಯಿಯನ್ನು ಆ ಕ್ಷಣವೇ ಹೊರಗೆ ಹಾಕುತ್ತಾರೆ. ಹುಡುಕುವುದು ಈ ತಳಿಯ ವಿದ್ಯೆ, ಬೆನ್ನಟ್ಟುವುದು ಅದರ ದೋಷ. ನಮ್ಮಲ್ಲಂತೂ ಬಂದೂಕಿನ ಪ್ರಶ್ನೆಯೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆಯೆಂದರೆ ಕೊಲ್ಲುವುದಷ್ಟೇ ಅಲ್ಲ; ಕೊಲ್ಲುವ, ಹಿಡಿಯುವ ಪ್ರಯತ್ನವೂ, ಅದಕ್ಕಾಗಿ ಪ್ರಾಣಿಯನ್ನು ಅಟ್ಟುವುದೂ ಬೇಟೆಯೇ. ನಮ್ಮ ಸೀಮೆಯ ಹೊಲಗಳಲ್ಲಿ ಓಡಾಡುವ ಚಿಗರಿ (ಕೃಷ್ಣಮೃಗ) ಮತ್ತು ನವಿಲು, ಆ ಕಾಯ್ದೆ ಅತಿ ಹೆಚ್ಚು ರಕ್ಷಣೆ ಕೊಡುವ ಮೊದಲನೆಯ ಅನುಸೂಚಿಯಲ್ಲಿವೆ. ನಾಯಿ ಆಟಕ್ಕೆ ಓಡಿತು ಎಂಬ ಸಮಜಾಯಿಷಿಯನ್ನು ನೆಚ್ಚಿಕೊಂಡು ಕೂರಬೇಡಿ.

ಹೀಗಾಗಿ ಶೇರುವಿನ ಮೂಗಿಗೆ ಕಡಿವಾಣ ಹಾಕದೆ, ಕಾಲಿಗಷ್ಟೇ ಹಾಕಬೇಕೆಂದು ನಿಶ್ಚಯಿಸಿದೆ. ಅನ್ನದ ಬಟ್ಟಲಿನ ಮುಂದೆ ಒಂದೇ ಉದ್ದನೆಯ ಸೀಟಿ ಊದಿದರೆ ಕೂರುವುದನ್ನು ಕಲಿಸಿದೆ. ಆಮೇಲೆ ಅಂಗಳದಲ್ಲಿ ಚೆಂಡು. ಎಸೆದ ಚೆಂಡುಗಳಲ್ಲಿ ಹೆಚ್ಚಿನವನ್ನು ನಾನೇ ನಡೆದು ಹೋಗಿ ಎತ್ತಿಕೊಳ್ಳುತ್ತಿದ್ದೆ, ಅದು ಕೂತು ನೋಡಬೇಕಿತ್ತು. ಎಸೆದದ್ದೆಲ್ಲ ತನ್ನದು ಎಂಬ ಲೆಕ್ಕ ಅದರ ತಲೆಯಿಂದ ಹೋಗುವವರೆಗೂ ಹೊಲದ ಮಾತನ್ನೇ ಎತ್ತಬಾರದು. ಮುಂದೆ ಚೆಂಡಿನ ಹಿಂದೆ ಓಡುತ್ತಿರುವಾಗಲೇ ಸೀಟಿ ಊದಿ ಕೂರಿಸಿ, ನನ್ನ ಬೆನ್ನ ಹಿಂದೆ ಇನ್ನೊಂದು ಚೆಂಡು ಎಸೆದು ಅದನ್ನು ತರಲು ಬಿಡುತ್ತಿದ್ದೆ. ಭಾನುವಾರ ವ್ಯಾಪಾರವಿಲ್ಲದ ಹೊತ್ತಿಗೆ ಗಂಜ್ ಎಂಬ ಕಾಳಿನ ಪೇಟೆಗೆ ಕರೆದೊಯ್ದು, ಚೆಲ್ಲಿದ ಕಾಳಿಗೆ ಮುತ್ತುವ ಪಾರಿವಾಳಗಳ ಎದುರು ಇದನ್ನೇ ಮಾಡಿಸಿದೆ. ಅಷ್ಟಾದ ಮೇಲೆ ಹೊಲ. ಎದೆಪಟ್ಟಿಗೆ ಹತ್ತು ಮೀಟರಿನ ತೆಳು ನೈಲಾನ್ ಹಗ್ಗ ಕಟ್ಟಿ, ಕೈಯಲ್ಲಿ ಹಿಡಿಯದೆ ನೆಲದ ಮೇಲೆ ಎಳೆದುಕೊಂಡು ಹೋಗಲು ಬಿಡುತ್ತಿದ್ದೆ. ಮೊಲವೆದ್ದರೆ ಸೀಟಿ, ಕೂರದಿದ್ದರೆ ಹಗ್ಗದ ಮೇಲೆ ನನ್ನ ಕಾಲು. ಕೊರಳಪಟ್ಟಿಗೆ ಮಾತ್ರ ಉದ್ದ ಹಗ್ಗ ಕಟ್ಟಬೇಡಿ. ಓಟದ ಭರದಲ್ಲಿ ಸೆಳೆದರೆ ಕತ್ತಿಗೆ ಪೆಟ್ಟಾಗುತ್ತದೆ. ಹಗ್ಗದ ತುದಿಯಲ್ಲಿ ಗಂಟೂ ಇರಬಾರದು, ತೊಗರಿ ಕೂಳೆಗೆ ಸಿಕ್ಕಿಕೊಳ್ಳುತ್ತದೆ.

ಕೆಲವೇ ವಾರಗಳಲ್ಲಿ ಅದು ಸೀಟಿಗೆ ನೆಲಕ್ಕಂಟಿದಂತೆ ಕೂರತೊಡಗಿತು. ಇಲ್ಲಿಯೇ ನಾನು ಕೆಟ್ಟೆ.

ಅಂದು ಎಳ್ಳ ಅಮಾವಾಸ್ಯೆ. ಬೀಗರು, ನೆಂಟರೆಲ್ಲ ಹೊಲದಲ್ಲಿದ್ದರು. ಚರಗ ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ ಮುಗಿಸಿ ಕುಳಿತಿದ್ದೆವು. ಹೆಂಡತಿಯ ತಮ್ಮ, "ಬಿಡ್ರಿ ಮಾಮಾ, ವರ್ಷಕ್ಕೊಂದ್ ಹಬ್ಬ, ಪಾಪ ಅದೂ ಓಡ್ಯಾಡ್ಲಿ" ಎಂದ. ನಾನೂ ನಾಯಿ ಕಲಿತಾಯಿತೆಂಬ ಜಂಬದಲ್ಲಿದ್ದೆ. ಎದೆಪಟ್ಟಿಯಿಂದ ಹಗ್ಗದ ಕೊಕ್ಕೆಯನ್ನು ಟಕ್ಕೆಂದು ಬಿಚ್ಚಿದೆ. ನೆಂಟರಿಗೆ ತೋರಿಸಲು ಒಂದೆರಡು ಸಲ ಸೀಟಿ ಊದಿದೆ, ಕೂತಿತು. ಮೂರನೆಯ ಸಲಕ್ಕೆ ಕೊಯ್ದ ತೊಗರಿಯ ಕೂಳೆಯಿಂದ ಮೊಲ ಎದ್ದು ಎದೆಯೆತ್ತರದ ಜೋಳದೊಳಗೆ ನುಗ್ಗಿತು. ನಾನು ಊದಿದೆ, ಮತ್ತೆ ಊದಿದೆ, ಓಡುತ್ತ ಓಡುತ್ತ ಊದಿದೆ. ಜೋಳದ ತೆನೆಗಳು ಅಲುಗುತ್ತ ರಸ್ತೆಯ ಕಡೆ ಸಾಗಿದ್ದಷ್ಟೇ ಕಂಡದ್ದು. ರಸ್ತೆಯಲ್ಲಿ ಅದು ಬೈಕಿಗೆ ಅಡ್ಡ ಹೋಗಿತ್ತು. ಮುಂಗಾಲು ಮುರಿದು ಮೂಳೆಗೆ ಲೋಹದ ಪಟ್ಟಿ ಹಾಕಿಸಬೇಕಾಯಿತು. ಬಿದ್ದ ಹುಡುಗನ ಮೊಣಕೈ ಕಿತ್ತುಹೋಗಿತ್ತು, ಅವನ ಖರ್ಚನ್ನೂ ಕೊಟ್ಟೆ.

ನೆಂಟರೆಲ್ಲ ಮೊಲವನ್ನು ಬೈದರು. ಮೊಲದ ತಪ್ಪೇನೂ ಇರಲಿಲ್ಲ. ನಾನು ಅಷ್ಟು ವಾರ ಕಲಿಸಿದ್ದು, ಹಗ್ಗವಿದ್ದಾಗ ಕೂರಬೇಕು ಎಂಬುದನ್ನು. ಎದೆಪಟ್ಟಿಗೆ ತೂಗುವ ಹಗ್ಗದ ಭಾರ, ಕೂಳೆಗೆ ಉಜ್ಜುವ ಅದರ ಸರಸರ ಸದ್ದು, ಇವೆಲ್ಲ ನಾಯಿಯ ಪಾಲಿಗೆ ಆಜ್ಞೆಯ ಭಾಗವೇ ಆಗಿದ್ದವು. ದಿನವೂ ಮನೆಗೆ ಬಂದ ಮೇಲೆ ನಾನು ಅದೇ ಕೊಕ್ಕೆ ಬಿಚ್ಚಿ ಅಂಗಳಕ್ಕೆ ಬಿಡುತ್ತಿದ್ದೆ. ಟಕ್ಕೆಂಬ ಸದ್ದೆಂದರೆ ಪಾಠ ಮುಗಿಯಿತು, ಇನ್ನು ನಿನ್ನಿಷ್ಟ ಎಂದು ಅದು ಸರಿಯಾಗಿಯೇ ಕಲಿತಿತ್ತು. ಹಬ್ಬದ ದಿನ ಅದೇ ಸದ್ದನ್ನು ಮೊಲಗಳಿರುವ ಹೊಲದ ನಡುವೆ ಮಾಡಿದೆ. ಅದರ ಮೇಲೆ ಸೀಟಿಯನ್ನೂ ಕೆಡಿಸಿಕೊಂಡೆ. ನಾಯಿ ಕೇಳುವ ಸ್ಥಿತಿಯಲ್ಲಿಲ್ಲದಾಗ ಊದುತ್ತ ಹೋದರೆ, ಊದಿದಷ್ಟೂ ಆ ಸದ್ದು ಓಟದ ಮೇಳವಾಗುತ್ತದೆಯೇ ಹೊರತು ನಿಲ್ಲುವ ಆಜ್ಞೆಯಾಗಿ ಉಳಿಯುವುದಿಲ್ಲ. ಓಟವಂತೂ ತನಗೆ ತಾನೇ ಕೂಲಿ. ಮೊಲ ಸಿಗಬೇಕೆಂದೇನೂ ಇಲ್ಲ. ಕಾಲು ಕೂಡಿದ ಮೇಲೆ ಶೇರು ಮೊದಲಿಗಿಂತ ಬಲವಾಗಿ ಓಡಿತು, ಸೀಟಿಗೆ ಕಿವಿಯನ್ನೂ ಅಲುಗಿಸಲಿಲ್ಲ.

ಪಕ್ಕದ ಬೀಳಿನಲ್ಲಿ ಕುರಿ ಮೇಯಿಸುತ್ತಿದ್ದ ಕುರುಬರೊಬ್ಬರು ಇದನ್ನೆಲ್ಲ ನೋಡುತ್ತಲೇ ಇದ್ದವರು, ಒಮ್ಮೆ ಬೀಡಿ ಹಚ್ಚಿಕೊಳ್ಳುತ್ತ, "ಹಗ್ಗ ಇರೋತನಾ ಅದು ನಿಮ್ಮ ನಾಯಿ ಅದರಿ ಸರ, ಬಿಚ್ಚಿದ್ರ ಮೊಲದ ನಾಯಿ" ಎಂದರು. ನಾನು ಪುಸ್ತಕ, ವಿಡಿಯೋಗಳಲ್ಲಿ ಹುಡುಕಿದ್ದು ಅವರ ಮಾತಿನಲ್ಲಿಯೇ ಇತ್ತು.

ಮತ್ತೆ ಅಂಗಳದಿಂದ ಶುರುಮಾಡಿದೆ. ಕೆಟ್ಟ ಸೀಟಿಯನ್ನು ಎಸೆದು ಬೇರೆ ಸ್ವರದ್ದನ್ನು ತರಿಸಿದೆ. ಸ್ಪ್ಯಾನಿಯಲ್ ಪಳಗಿಸುವವರು ಸಾಮಾನ್ಯವಾಗಿ ಆ್ಯಕ್ಮೆ ಕಂಪನಿಯ 210.5 ಸಂಖ್ಯೆಯ ಸೀಟಿ ಬಳಸುತ್ತಾರೆ; ಸ್ವರ ನಿಗದಿಯಾಗಿರುವುದರಿಂದ ಕಳೆದುಹೋದರೂ ಅದೇ ಸದ್ದಿನ ಇನ್ನೊಂದು ಸಿಗುತ್ತದೆ. ಈ ಸಲ ಹಗ್ಗವನ್ನು ಬಿಚ್ಚಲೇ ಇಲ್ಲ, ಕತ್ತರಿಸಿದೆ. ಆಗಾಗ ಒಂದು ಮೊಳ, ಆಮೇಲೆ ಗೇಣು, ಕೊನೆಗೆ ಎದೆಪಟ್ಟಿಯಲ್ಲಿ ಬೆರಳುದ್ದದ ತುಂಡು. ನಡುನಡುವೆ ಸುಮ್ಮನೆ ಕೊಕ್ಕೆ ಬಿಚ್ಚಿ, ಒಡನೆಯೇ ಮತ್ತೆ ಸಿಕ್ಕಿಸಿ ಆ ಸದ್ದಿನ ಅರ್ಥವನ್ನೇ ಅಳಿಸಿದೆ. ಮಳೆಗಾಲದಲ್ಲಿ ಎರೆಮಣ್ಣು ಮೆತ್ತಿ ಹಗ್ಗ ಭಾರವಾಗುತ್ತದೆ, ಆ ತೂಕವನ್ನೂ ನಾಯಿ ಗುರುತಿಸುತ್ತದೆ. ದಿನವೂ ತೊಳೆದು ಕಟ್ಟುವುದು ನನಗೆ ಬೇಸರದ ಕೆಲಸವಾಗಿತ್ತು, ಆದರೂ ಬಿಡಲಿಲ್ಲ. ಕೂತದ್ದಕ್ಕೆ ಬಹುಮಾನವಾಗಿ ಬೇಯಿಸಿದ ಕೋಳಿಗಿಂತ ಹೆಚ್ಚು ಫಲ ಕೊಟ್ಟದ್ದು, ಮೊಲ ಹೋದ ದಿಕ್ಕಿಗೆ ಎದುರು ದಿಕ್ಕಿನಲ್ಲಿ ಮತ್ತೆ ಹುಡುಕಲು ಕಳಿಸುವುದು. ಸ್ಪ್ಯಾನಿಯಲ್‌ಗೆ ಮೂಗಿನ ಕೆಲಸವೇ ಹಬ್ಬ.

ಕರೆಂಟ್ ಪಟ್ಟಿ ಬೇಡ. ಓಟದ ಅಮಲಿನಲ್ಲಿರುವ ನಾಯಿಗೆ ಸಣ್ಣ ಶಾಕ್ ತಾಗುವುದಿಲ್ಲ, ಜನ ಏರಿಸುತ್ತ ಹೋಗುತ್ತಾರೆ. ಆ ಗಳಿಗೆಯಲ್ಲಿ ಅದರ ಕಣ್ಣೆದುರು ಕುರಿಯೋ ಮಗುವೋ ಇದ್ದರೆ ನೋವನ್ನು ಅವರೊಂದಿಗೇ ಗಂಟು ಹಾಕಿಕೊಳ್ಳುತ್ತದೆ. ಸ್ಪ್ಯಾನಿಯಲ್‌ಗಳನ್ನು ಚೆನ್ನಾಗಿ ಬಲ್ಲ ವೇಲ್ಸ್ ನಾಡು 2010ರಲ್ಲಿಯೇ ಅದನ್ನು ನಿಷೇಧಿಸಿದೆ. ಬೀಜ ಒಡೆಸಿದರೂ ಬೆನ್ನಟ್ಟುವ ಚಟ ಹೋಗದು. ಐದು ವರ್ಷ ತಡವೇನಲ್ಲ. ತಡವಾಗುವುದು ಇಂದಿನಿಂದ ಅದಕ್ಕೆ ಸಿಗುವ ಒಂದೊಂದು ಓಟದಿಂದ. ಒಮ್ಮೆ ಓಡಿ ಸಾಕಾಗಲಿ ಎಂದು ಬಿಡುವವರ ಮಾತಿಗೆ ಕಿವಿಗೊಡಬೇಡಿ.

ಎಳ್ಳ ಅಮಾವಾಸ್ಯೆಯೊಳಗೆ ಇದು ಆಗುವುದಿಲ್ಲ. ಅಂದು ನಾಯಿಯನ್ನು ಮನೆಯಲ್ಲಿ ಬಿಡಿ, ಇಲ್ಲವೇ ಗಾಡಿಗೆ ಕಟ್ಟಿ, ಅದರ ಹೊಣೆಯನ್ನು ಯಾರ ಮಾತಿಗೂ ಕರಗದ ಒಬ್ಬರಿಗೆ ವಹಿಸಿ. ತೊಗರಿ, ಜೋಳ ನಿಂತಿರುವ ಹೊಲದಲ್ಲಿ ನಿಮಗೆ ನಾಯಿಯೇ ಕಾಣುವುದಿಲ್ಲ, ಅಲ್ಲಿ ಕಲಿಸಲಾಗದು. ಅಲ್ಲಿಯವರೆಗೆ ಅಂಗಳ, ಚೆಂಡು, ಪಾರಿವಾಳ. ಸುಗ್ಗಿ ಮುಗಿದು ನೆಲ ಬರಿದಾದ ಮೇಲೆ, ಮಾರ್ಚಿನಲ್ಲಿ, ಹೊತ್ತು ಮೂಡುವ ಮುನ್ನ ಹೊರಟು ಬಿಸಿಲೇರುವುದರೊಳಗೆ ಮರಳಿ. ನಮ್ಮ ಬೇಸಿಗೆಯನ್ನು ಉದ್ದಗೂದಲಿನ ಈ ನಾಯಿ ತಡೆಯಲಾರದು. ಹೊಲ ಬಿಡುವ ಮುನ್ನ ಬೆರಳ ಸಂದು, ಕಿವಿಯೊಳಗೆ ನೋಡಿ. ಕೂಳೆ ಚುಚ್ಚಿದ ಪಾದದಿಂದ ನಾಯಿ ನಿಧಾನವಾಗಿ ಓಡಿದ್ದನ್ನು ಕಂಡು, ಕಲಿತುಬಿಟ್ಟಿತು ಎಂದು ಹಿಗ್ಗಿದವರನ್ನೂ ನಾನು ಬಲ್ಲೆ.